‘ಇಲ್ಲ’ ಅನ್ನದ ಹೊನ್ನಯ್ಯ

ಹೊನ್ನಯ್ಯ: ಮನೇಲಿ ಬಜ್ಜಿ ಆರ್ಹೋಯ್ತು, ಗಂಡಿನ ಕಡೆಯೋರು ಬರ್ಲಿಲ್ಲ. ನನ್ ಮಗಳ ವಿವರ ಕಳ್ಸಿದ್ರಾ, ಇಲ್ವಾ?

ಮಂಜುಳಮ್ಮ: ಕಂಪ್ಯೂಟರಿನ ‘ವನಜ’ ಡೈರೆಕ್ಟರೀಲಿ ಇದ್ದಿದ್ದನ್ನೇ ಕಳ್ಸಿದೀನಿ ಸಾರ್. ಅದ್ರಲ್ಲಿ ಈಗ ಇರೋದು ಊರ್ಡಿಗೆರೆ ನರಸಿಂಹಯ್ಯನೋರ ಮಗಳು.

(ತುಮಕೂರಿನ ಸದಾಶಿವನಗರ, ಹೊನ್ನಯ್ಯನವರ ವಧೂವರರ ಕೇಂದ್ರ. ಎಂಬತ್ತೊಂಬತ್ತರಲ್ಲೇ ಕಂಪ್ಯೂಟರ್ ತಂದ ಜಂಬ ಯಜಮಾನರದು, ಅದನ್ನು ನಡೆಸುವ ತಲೆನೋವು ಮಂಜುಳಮ್ಮನದು. ಅದರಲ್ಲಿ ಒಂದು ಹೆಸರಿಗೆ ಒಂದೇ ಡೈರೆಕ್ಟರಿ, ಅಂದರೆ ವಿವರ ಇಡುವ ಒಂದೇ ಕಡತ.)

ಹೊನ್ನಯ್ಯ: ನನ್ ವನಜನ್ನ ಯಾರಮ್ಮ ಅಳಿಸಿದ್ದು?

ಮಂಜುಳಮ್ಮ: ನೀವೇ. ಶುಕ್ರವಾರ ನಾನು ರಜ. ಅವತ್ತು ಊರ್ಡಿಗೆರೆ ವನಜನ್ನ ಸೇರಿಸ್ದೋರು ಯಾರು?

ಹೊನ್ನಯ್ಯ: ನಾನೇ. ಅದಕ್ಕೆ?

ಮಂಜುಳಮ್ಮ: ಹಿಂಗಾಗ್ಬಾರ್ದು ಅಂತ್ಲೇ ಪ್ರೋಗ್ರಾಂಗೆ ಕಾವಲು ಹಾಕ್ಸಿದೀನಿ. ‘ಈ ಹೆಸರು ಆಗಲೇ ಇದೆ, ಹಳೆಯದನ್ನು ಅಳಿಸಲೇ?’ ಅಂತ ಕೇಳ್ಲಿಲ್ವಾ?

ಹೊನ್ನಯ್ಯ: ಕೇಳ್ತು. ಹೂಂ ಅಂದೆ.

ಮಂಜುಳಮ್ಮ: ಯಾಕ್ ಸಾರ್?

ಹೊನ್ನಯ್ಯ: ಮದ್ವೆ ಕುದುರ್ಸೋ ಜಾಗ್ದಲ್ಲಿ ಕೂತ್ಕೊಂಡು ಇಲ್ಲ ಅನ್ನೋಕಾಗುತ್ತಾ? ಮನೇಲಿ ಅಕ್ಕಿ ಮುಗಿದ್ರೂ ‘ಅಕ್ಕಿ ಹೆಚ್ಚಿದೆ’ ಅಂತೀವಿ. ಇಪ್ಪತ್ತು ವರ್ಷದಿಂದ ಈ ಕುರ್ಚೀಲಿ ನನ್ ಬಾಯಿಂದ ಆ ಮಾತು ಬಂದಿಲ್ಲ.

ಮಂಜುಳಮ್ಮ: ಅದು ಬೀಗರಲ್ಲ ಸಾರ್, ಮೆಷಿನ್ನು.

ಹೊನ್ನಯ್ಯ: ತಪ್ಪು ನಿಮ್ದೇ. ‘ಹಳೇದನ್ನ ಉಳಿಸ್ಲಾ?’ ಅಂತ ಕೇಳೋ ಹಂಗೆ ಮಾಡ್ಸಿದ್ರೆ ಅದಕ್ಕೂ ಹೂಂ ಅಂತಿದ್ದೆ.

(ಮಾತು ನಿಜವೇ ಆಗಿತ್ತು. ಅದಕ್ಕೇ ಮಂಜುಳಮ್ಮನಿಗೆ ಇನ್ನಷ್ಟು ಸಿಟ್ಟು ಬಂತು.)

ಮಂಜುಳಮ್ಮ: ಹುಡುಗಿ ನಿಮ್ ಮಗಳೇ ಅಂತ ಗಂಡಿನ ಕಡೆಯೋರಿಗೆ ಮೊದ್ಲೇ ಹೇಳಿದ್ರೂ ಆಗ್ತಿತ್ತು.

ಹೊನ್ನಯ್ಯ: ಸ್ವಂತ ಮಗಳನ್ನ ನಾನೇ ಹೊಗಳಿದ್ರೆ ಯಾರ್ ನಂಬ್ತಾರೆ? ಎರಡು ವರ್ಷ ಹುಡುಕಿ ಹಿಡಿದಿರೋ ಹುಡುಗ ಕಣಮ್ಮ. ಕುಣಿಗಲ್ ಹೈಸ್ಕೂಲ್ ಮೇಷ್ಟ್ರು. ಈಗ ಅವ್ರೆಲ್ಲಿರ್ತಾರೆ?

ಮಂಜುಳಮ್ಮ: ಊರ್ಡಿಗೆರೇಲಿ ಉಪ್ಪಿಟ್ಟು ತಿಂತಿರ್ತಾರೆ.

(ಫೋನ್ ಬಡಿದುಕೊಂಡಿತು. ಹುಡುಗನ ತಂದೆ ದ್ಯಾವಪ್ಪನವರ ದನಿ ಮಂಜುಳಮ್ಮನಿಗೂ ಕೇಳುವಷ್ಟು ದೊಡ್ಡದಾಗಿತ್ತು.)

ದ್ಯಾವಪ್ಪ: ಊರ್ಡಿಗೆರೆಯಿಂದ್ಲೇ ಮಾತಾಡ್ತಿದೀನಿ ಹೊನ್ನಯ್ಯನೋರೆ. ಹುಡುಗಿ ಲಕ್ಷಣವಾಗವ್ಳೆ. ನಮ್ ಹುಡುಗನೂ ಒಪ್ಪವ್ನೆ. ನಿಮ್ ಬಾಯಲ್ಲಿ ಒಂದು ಹೂಂ ಬಂದ್ರೆ ಈಗ್ಲೇ ಎಲೆ ಅಡಿಕೆ ಬದಲಾಯಿಸ್ಬುಡ್ತೀವಿ. ಏನಂತೀರಿ?

(‘ಇಲ್ಲ’ ಅನ್ನುವ ಮಾತು ಹೊನ್ನಯ್ಯನವರ ನಾಲಿಗೆಯ ತುದಿಯವರೆಗೂ ಬಂದು ನಿಂತಿತು.)

ಹೊನ್ನಯ್ಯ: ಹೂಂ.

(ರಿಸೀವರ್ ಇಟ್ಟು ಕುರ್ಚಿಗೆ ಒರಗಿದರು. ಮಂಜುಳಮ್ಮ ತಾನೇ ಎದ್ದು ನೀರು ತಂದುಕೊಟ್ಟಳು.)

ಮಂಜುಳಮ್ಮ: ಮನೇಲಿ ಅಮ್ಮಾವ್ರು ಇನ್ನೂ ಕಾಯ್ತಿರ್ತಾರೆ. ಈ ವಿಷಯ ಅವ್ರಿಗೆ ನೀವೇ ಹೇಳ್ತೀರಾ ಸಾರ್?

ಹೊನ್ನಯ್ಯ: ಇಲ್ಲ.