ಮುಚ್ಚಳ ತೆರೆದ ಜಾಡಿಗೆ ದಯಮಾಡಿಸಿದ ಹಳದಿ ಧೂಳಿನವರಿಗೆ

ಗೋಬಿ ಮರುಭೂಮಿಯಲ್ಲಿ ಎದ್ದು, ಸಮುದ್ರ ದಾಟಿ, ವೀಸಾದ ರಗಳೆಯಿಲ್ಲದೆ ಪ್ರತಿ ವಸಂತದಲ್ಲೂ ನಮ್ಮ ಗುನ್ಸಾನ್ ಊರಿಗೆ ಬಿಜಯಂಗೈಯುವ ಹಳದಿ ಧೂಳಿನವರ ಪಾದಗಳಿಗೆ, ಪಾದಗಳಿದ್ದಲ್ಲಿ, ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂಬುದು ನಮ್ಮ ಕಿಟಕಿಯ ಗಾಜು, ಕಾರಿನ ನೆತ್ತಿ ಮತ್ತು ಒಣಹಾಕಿದ ಹೊದಿಕೆಗಳಿಂದ ತಿಳಿಯಿತು. ಇತ್ತ ನಾವೂ ಕೆಮ್ಮಿಕೊಂಡು ಕ್ಷೇಮ.

ಅತ್ತೆಯವರು ಪತ್ರಿಕೆ ಓದುವುದಿಲ್ಲವೆಂಬ ಧೈರ್ಯದಿಂದ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಅವರಿಗೆ ಅವರ ಅತ್ತೆಯಿಂದ ಬಂದ ಸೋಯಾ ಸಾಸಿನ ಹಳೆಯ ಜಾಡಿಯನ್ನು ಅವರು ಈ ವರ್ಷ ಮೊದಲ ಸಲ ನನಗೊಪ್ಪಿಸಿ, "ನಿನಗೆ ಕೈರುಚಿ ಇಲ್ಲ ಕಣೇ, ಆದ್ರೂ ನೋಡೋಣ. ವಸಂತದಲ್ಲಿ ಬಂದು ನೆಕ್ಕಿ ನೋಡ್ತೀನಿ, ಕೆಟ್ಟಿದ್ರೆ ನಿನ್ನ ಓರಗಿತ್ತಿಗೆ ಕೊಡ್ತೀನಿ" ಎಂದು ಹರಸಿದ್ದರು. ಆ ಓರಗಿತ್ತಿಯೋ, ಅಂಗಡಿಯ ಸಾಸನ್ನು ಬಾಟಲಿಯಿಂದ ಬಟ್ಟಲಿಗೆ ಬಗ್ಗಿಸಿ ತನ್ನದೆನ್ನುವ ಮಹಾತಾಯಿ. ಬಿಸಿಲಿದ್ದರೆ ಮುಚ್ಚಳ ತೆಗೆ, ಗಾಳಿ ಕೆಟ್ಟರೆ ಓಡಿಹೋಗಿ ಮುಚ್ಚು. ಜಾಡಿಯ ಧರ್ಮ ಇಷ್ಟೇ.

ತಾವು ಬಂದ ದಿನ ನಾನು ಕೂದಲು ಗುಂಗುರು ಮಾಡಿಸಲು ಹೋಗಿದ್ದೆ, ತಾರಸಿಯ ಮೇಲಿನ ಜಾಡಿಯ ಕಾವಲಿಗೆ ನಮ್ಮ ಯಜಮಾನರಾದ ಚೊಲ್‌ಗು ಇದ್ದರು. ಧೂಳಿನ ಎಚ್ಚರಿಕೆ ಎಲ್ಲರ ಫೋನುಗಳಲ್ಲೂ ಒಟ್ಟಿಗೇ ಅರಚಿತು. ಆದರೆ ಧೂಳಿನ ದಿನ ಹಂದಿಯ ಹೊಟ್ಟೆಭಾಗದ ಕೊಬ್ಬು ತಿಂದರೆ ಗಂಟಲೆಲ್ಲ ತೊಳೆದುಹೋಗುತ್ತದೆಂದು ನಮ್ಮ ಗಂಡಸರಿಗೆ ಯಾವ ಪಂಡಿತ ಹೇಳಿಕೊಟ್ಟನೋ, ತಾರಸಿಗೆ ಹತ್ತಬೇಕಾದ ಕಾಲುಗಳು ನೇರ ಬೀದಿಯ ಸುಟ್ಟಮಾಂಸದ ಹೋಟೆಲಿಗೆ ಇಳಿದವು. ಹುಡುಕಿಕೊಂಡು ಹೋದರೆ, ಹೊಗೆಯ ನಡುವೆ ಸೊಪ್ಪಿನೆಲೆಯಲ್ಲಿ ಮಾಂಸ ಸುತ್ತುತ್ತ, "ಔಷಧಿ ಕಣೇ ಇದು, ನೀನೂ ಒಂದು ತುತ್ತು ತಗೋ" ಎಂದರು.

"ರೀ, ಜಾಡಿ ಮುಚ್ಚಿದ್ರಾ?"

ತುತ್ತು ಬಾಯಲ್ಲೇ ನಿಂತಿತು. ಹೋಟೆಲಿನಾಕೆ, "ಇನ್ನೊಂದು ಪ್ಲೇಟ್ ಹಾಕ್ಲಾ ಯಜಮಾನ್ರೇ? ರಾತ್ರಿ ಮನೇಲಿ ಊಟ ಸಿಗೋ ಹಾಗೆ ಕಾಣಲ್ಲ" ಎಂದಳು.

ಮಾನ್ಯರೇ, ಅಷ್ಟು ದೂರ ಹಾರಿಬಂದು, ಇಡೀ ಊರಿನಲ್ಲಿ ತೆರೆದಿರುವ ಜಾಡಿ ಇದೊಂದೇ ಎಂದು ಪತ್ತೆಹಚ್ಚಿ, ಅದರ ಮೇಲೆ ಹಾಲಿನ ಕೆನೆಯಂತೆ ವಿರಾಜಮಾನರಾದ ತಮ್ಮ ದೃಷ್ಟಿಯಂಥದ್ದು ಹದ್ದಿಗೂ ಇಲ್ಲ. ನಾನು ಅಳುತ್ತಳುತ್ತಲೇ ತಮ್ಮನ್ನು ಸೌಟಿನಿಂದ ಎತ್ತಿ ಬೇರೆ ಬಟ್ಟಲಿಗೆ ಸ್ಥಳಾಂತರಿಸಿದೆ.

ಭಾನುವಾರ ಅತ್ತೆ ಬಂದರು. ಬೆರಳದ್ದಿ ನೆಕ್ಕಿ ಕಣ್ಣು ಮುಚ್ಚಿದರು. ಅವರು ಕಣ್ಣು ತೆರೆಯುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಜಾಡಿಯನ್ನು ಓರಗಿತ್ತಿಯ ಕಾರಿಗೆ ಹತ್ತಿಸಿಯಾಗಿತ್ತು.

"ಅಂತೂ ಕೈರುಚಿ ಬಂತು ನೋಡೇ ನಿನಗೆ! ಜಾಡಿ ಇಲ್ಲೇ ಇರ್ಲಿ. ಅಲ್ಲಾ, ಏನು ಹಾಕ್ದೆ?"

ಮದುವೆಯಾದಾಗಿನಿಂದ ಉಪ್ಪುನೀರಿನಲ್ಲಿ ಬೆಂದ ನನ್ನ ಕೈಗೆ ಸಿಗದ ಬಿರುದು, ಕೈಯೇ ಇಲ್ಲದ ತಮಗೆ ಸಂದಿತು! ಆದಕಾರಣ ಮುಂದಿನ ವಸಂತದಲ್ಲೂ ತಾವು ತಪ್ಪದೆ ಬಂದು, ನನ್ನ ಜಾಡಿಗೆ ಒಂದೇ ಒಂದು ಚಿಟಿಕೆ ಉದುರಿ, ಮಿಕ್ಕಷ್ಟನ್ನೂ ಓರಗಿತ್ತಿಯ ಬಾಲ್ಕನಿಗೆ ಸುರಿದು, ಅತ್ತೆ ಎಷ್ಟೇ ಕೆದಕಿದರೂ ಬಾಯಿಬಿಡದಿರಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೆಮ್ಮು ಬಿಡುವು ಕೊಟ್ಟಾಗಲೆಲ್ಲ ತಮ್ಮ ವಿಶ್ವಾಸಿ,
ಬೋಕ್ ಇನ್‌ಸುನ್

ತಾ.ಕ.: ಸೌಟಿನಿಂದ ಎತ್ತಿದ ತಮ್ಮನ್ನು ಚೆಲ್ಲಿಲ್ಲ, ಗಾಬರಿಯಾಗಬೇಡಿ. ಯಜಮಾನರ ಊಟದ ಬಟ್ಟಲಿಗೆ ದಿನವೂ ಒಂದೊಂದು ಚಮಚ ಬಡಿಸುತ್ತಿದ್ದೇನೆ. "ಏನೇ ಇದು, ಹಲ್ಲಿಗೆ ಕರಕರ ಅನ್ನುತ್ತೆ?" ಎಂದು ಅವರು ಕೇಳಿದರೆ, "ಹಂದಿಮಾಂಸ ತಿಂದಿದೀರಲ್ಲ, ತೊಳ್ಕೊಂಡು ಹೋಗುತ್ತೆ ಬಿಡಿ" ಎನ್ನುತ್ತೇನೆ.