ಎಂಟೊಲೆ

“ಎಂಟು ಒಲೆ ಯಾತಕ್ರೀ? ನಾವೇನು ಛತ್ರ ನಡೆಸ್ತಿದೀವಾ?”

“ಒಲೆ ಅಲ್ಲ ಕಣೇ ಭಾಮಾ! ಎಂಟೊಲೆ. ಗ್ರೀಕ್ ಪದ. ಬೈಬಲಲ್ಲಿ ಆಜ್ಞೆ ಅನ್ನೋದಕ್ಕೆ ಹಾಗಂತಾರೆ.”

ಜಯನಗರದ ಆ ಅಡುಗೆಮನೆಯಲ್ಲಿ ಸತ್ಯಭಾಮಾ ಮತ್ತೆ ಲೈಟರ್ ಒತ್ತಿದರು. ಗ್ಯಾಸ್ ಒಲೆಯ ಎಡಗಡೆ ಬರ್ನರ್ ಯುಗಾದಿಯಿಂದ ಮುಷ್ಕರ ಹೂಡಿತ್ತು. ನಾಳೆ ಸತ್ಯನಾರಾಯಣ ಪೂಜೆ; ಮೂವತ್ತು ಎಲೆ ಬೀಳಬೇಕು, ಉರಿಯುವುದು ಒಂದೇ ಬರ್ನರ್. ಯಜಮಾನರಾದ ಬದರಿನಾಥರಿಗೋ ನಿವೃತ್ತರ ಬಳಗದಲ್ಲಿ ಸಂಜೆ ಈ ಪದದ ಮೇಲೆ ಮಾಡುವ ಭಾಷಣದ್ದೇ ಚಿಂತೆ. ಮೊಬೈಲಿನಲ್ಲಿ ಮೂರು ವಾರ ಗ್ರೀಕ್ ಕಲಿತು, ಪಾಪ, ಅರಗದೆ ಒದ್ದಾಡುತ್ತಿದ್ದರು.

“ಆಜ್ಞೆ ಎಂಟು ಯಾವಾಗಾಯ್ತು? ಹತ್ತಲ್ವಾ?”

“ಹತ್ತೇ ಕಣೇ, ಹತ್ತು!”

“ನೀವು ‘ಹತ್ತು’ ಅಂದ ಮಾತ್ರಕ್ಕೆ ಹತ್ತಿಬಿಡತ್ತಾ? ಅರ್ಧ ಗಂಟೆಯಿಂದ ಒತ್ತಿ ಒತ್ತಿ ನನ್ನ ಹೆಬ್ಬೆರಳು ಬಿದ್ಹೋಯ್ತು.”

“ಅಯ್ಯೋ, ನಾನು ಹೇಳಿದ್ದು ಆಜ್ಞೆ!”

“ನಾನೂ ಆಜ್ಞೆ ಅಂತಾನೇ ತಿಳ್ಕೊಂಡೆ. ಒಲೆಗೆ ಕನ್ನಡ ಬರಲ್ವೇನೋ.”

ಬದರಿನಾಥರು ಕನ್ನಡಕ ಸರಿಮಾಡಿಕೊಂಡರು. ಭಾಷಣ ಅಲ್ಲೇ ಶುರುವಾಯಿತು.

“ಅರ್ಥ ಕೇಳು. ಎಂಟೊಲೆ ಅಂದ್ರೆ ಬರೀ ದಬಾಯಿಸೋ ಆರ್ಡರ್ ಅಲ್ಲ. ನಂಬಿ ಒಬ್ರಿಗೆ ವಹಿಸಿದ ಕೆಲಸ. ವಹಿಸ್ಕೊಂಡೋನು ನೆಪ ಹೇಳ್ದೆ, ಪ್ರೀತಿಯಿಂದ ಮಾಡಿ ಮುಗಿಸ್ಬೇಕು.”

ಸತ್ಯಭಾಮಾ ಲೈಟರ್ ಕೆಳಗಿಟ್ಟರು. ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. ಇಷ್ಟು ತಿಂಗಳು ಹೇಳಿದ್ದು ಗೋಡೆಗೆ ಹೇಳಿದಂತಾಗಿತ್ತಲ್ಲ!

“ಯುಗಾದಿ ದಿನ ಒಲೆ ರಿಪೇರಿ ಮಾಡ್ಸಿ ಅಂದ್ನಲ್ಲ, ಅದೇನು?”

“ಅದು... ರಿಕ್ವೆಸ್ಟು.”

“ಓಹೋ. ಆಮೇಲೆ ದಿನಾ ಹೇಳಿದ್ದು?”

“ರಿಮೈಂಡರು.”

“ನಲವತ್ತು ವರ್ಷದ ಹೆಂಡ್ತಿ ಕನ್ನಡದಲ್ಲಿ ಹೇಳಿದ್ರೆ ಅಷ್ಟೇ ಬಿಡಿ. ಗ್ರೀಕಲ್ಲಿ ಹೇಳ್ಬೇಕಿತ್ತು, ತಪ್ಪಾಯ್ತು.”

ಬದರಿನಾಥರು ಮುಖ ಸಪ್ಪಗೆ ಮಾಡಿಕೊಂಡು ಇಟ್ಟಮಡುವಿನ ಒಲೆ ರಿಪೇರಿ ಪಿಳ್ಳಪ್ಪನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದರು.

“ಪಿಳ್ಳಪ್ಪ, ಈಗ್ಲೇ ಮನೆಗೆ ಬರ್ಬೇಕು. ರಿಕ್ವೆಸ್ಟ್ ಅಲ್ಲ ಇದು, ಎಂಟೊಲೆ!”

“ಎಂಟಾ ಸಾರ್? ಒಬ್ನ ಕೈಲಾಗಲ್ಲ, ನನ್ ತಮ್ಮನ್ನೂ ಕರ್ಕೊಂಡು ಬರ್ತೀನಿ.”

“ಎಂಟಲ್ಲಪ್ಪಾ, ಒಂದೇ! ಒಂದೇ ಒಲೆ!”

ಸತ್ಯಭಾಮಾ ಸೆರಗಿನಲ್ಲಿ ಕೈ ಒರೆಸಿಕೊಂಡರು.

“ನೋಡಿದ್ರಾ? ಆಜ್ಞೆ ಹತ್ತಿತ್ತು, ಎಂಟಾಯ್ತು, ಈಗ ಒಂದಕ್ಕೆ ಬಂತು. ಅದೊಂದನ್ನಾದ್ರೂ ಪಾಲಿಸಿ.”