ಮರವಿನ ಗಿಡ

ಹೆಂಡತಿ ಗೌರವ್ವನ ಮೋರಪಂಖಿ ಗಿಡವನ್ನು ಒಂದು ಹಗಲು ಕಾಯುವ ಕೆಲಸ ಕಿರಾಣಿ ಅಂಗಡಿಯ ಪ್ರಭುಲಿಂಗಪ್ಪನ ಕೊರಳಿಗೆ ಬಿತ್ತು. ಅಬ್ಬಿಗೇರಿಯ ತವರಿಗೆ ಹೊರಟ ಆಕೆ, “ನೀರ ಹಾಕಬ್ಯಾಡ್ರಿ, ಬೇರ ಕೊಳೀತಾವು. ಬರೇ ಕಾಯ್ರಿ. ಸಂಜಿಗೆ ಬರತೇನಿ, ಒಂದ ಎಲಿ ಕಡಿಮಿ ಆಗಿರಬಾರದು,” ಎಂದು ಹೇಳಿ ಹೋಗಿದ್ದಳು.

ಎರೆಮಣ್ಣಿಗೆ ಉಸುಕು ಬೆರೆಸಿ, ಮಗಳಿಗೆ ತಲೆ ಬಾಚಿದಂತೆ ಕತ್ತರಿಯಿಂದ ತಿದ್ದಿ ಆಕೆ ಬೆಳೆಸಿದ ಗಿಡ ಅದು. ಗಜೇಂದ್ರಗಡದ ಬಿಸಿಲಿನಲ್ಲೂ ಎದೆಯೆತ್ತರದ ಹಸಿರು ಗೋಪುರದಂತೆ ನಿಂತಿತ್ತು.

ಆದರೆ ಪರೀಕ್ಷೆಯ ಕಾಲ. ಅದರ ಎಲೆ ಪುಸ್ತಕದಲ್ಲಿದ್ದರೆ ವಿದ್ಯೆ ತಲೆಗೆ ಹತ್ತುತ್ತದೆಂದು ಮಕ್ಕಳ ನಂಬಿಕೆ. ಪ್ರಭುಲಿಂಗಪ್ಪ ಲಿಂಗಪೂಜೆ ಮುಗಿಸಿ ಹೊರಬಂದಾಗ ಹುಡುಗರು ಗಿಳಿಗಳಂತೆ ಕಂಪೌಂಡಿನ ಮೇಲೆ ಸಾಲಾಗಿ ಕುಳಿತಿದ್ದರು. ಬೈದರೂ ಏಳಲಿಲ್ಲ. ಆಗ ಅವನಿಗೊಂದು ಯುಕ್ತಿ ಹೊಳೆಯಿತು.

“ಲೇ, ಇದು ವಿದ್ಯಾ ಗಿಡ ಅಲ್ರೋ, ಮರವಿನ ಗಿಡ! ಎಲಿ ಹತ್ತರ ಇಟ್ಕೊಂಡ್ರ ಕಲತದ್ದೆಲ್ಲಾ ಮರತ ಹೋಗತೈತಿ!”

ಹುಡುಗರು ಚಾಚಿದ ಕೈಗಳನ್ನು ಎಳೆದುಕೊಂಡು ಓಡಿದರು. ಪ್ರಭುಲಿಂಗಪ್ಪ ಮೀಸೆ ತಿರುವಿದ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಯಂಕವ್ವನ ತಲೆ ಗೋಡೆಯ ಮೇಲೆ ಮೂಡಿತು.

“ಕಾಕಾರ, ಹುಡುಗ್ರು ಅನ್ನೂದು ಖರೇ ಏನ್ರಿ?”

“ಖರೇನವಾ.”

“ಹಂಗಾರ ನನಗೊಂದ ಎಲಿ ಕೊಡ್ರಿ. ನಮ್ಮ ತಮ್ಮ ಇವರ ಗಾಡಿ ಕೆಡವಿ ಮುರದಾನ. ಇವರು ಅದನ್ನ ಮರೀಬೇಕು.”

ಸುಳ್ಳೆಂದರೆ ಹುಡುಗರು ಮರಳಿ ಬರುತ್ತಾರೆ. ಖರೆ ಎಂದರೆ ಎಲೆ ಹೋಗುತ್ತದೆ. ಒಂದೇ ಎಲೆಯಲ್ಲವೇ ಎಂದು ಕೊಟ್ಟ.

ಮುಂದೆ ಎದುರುಮನೆಯ ಸೊಸೆ ನೇತ್ರಾ ಬಂದಳು. “ಅತ್ತಿಯವರ ಬಂಗಾರದ ಬೋರಮಾಳ ಸರ ಕಳದೇನ್ರಿ ಕಾಕಾರ. ಅಂಥಾದ್ದೊಂದ ಇತ್ತಂತ ಅವರಿಗೆ ನೆನಪ ಇರಬಾರದು. ಎರಡ ಎಲಿ ಕೊಡ್ರಿ, ಭಾಳ ಚುರುಕ ಅದಾರ.”

ಅವಳ ಬೆನ್ನಿಗೆ ಹಮಾಲ ಕರೆಪ್ಪ. “ಸಾವಕಾರ್ರ, ತಂಬಾಕ ಬಿಡತೇನಂತ ಹನಮಪ್ಪನ ಮುಂದ ಆಣಿ ಮಾಡೇನ್ರಿ.”

“ಅದನ್ನ ನೀ ಮರತರ ಹ್ಯಾಂಗೋ?”

“ನಾ ಮರತೇನ್ರಿ. ಹನಮಪ್ಪ ಮರೀಬೇಕಲ್ರಿ? ಅವನ ಪಾದಕ್ಕ ಒಂದ ಏರಸತೇನಿ.”

“ಶಿವ ಶಿವಾ!” ಎಂದು ಪ್ರಭುಲಿಂಗಪ್ಪ ಕಿವಿ ಮುಚ್ಚಿಕೊಳ್ಳುವಷ್ಟರಲ್ಲಿ ಕರೆಪ್ಪ ಒಂದು ಟೊಂಗೆಯನ್ನೇ ಮುರಿದಿದ್ದ. ಅವನ ಹಿಂದೆ ಮಂದಿ ಸಾಲುಗಟ್ಟಿತು. ಓಣಿಯಲ್ಲಿ ಇಷ್ಟು ಜನರಿಗೆ ಮರೆಸಬೇಕಾದ ಸಂಗತಿಗಳಿವೆಯೆಂದು ಪ್ರಭುಲಿಂಗಪ್ಪನಿಗೆ ಅಂದೇ ತಿಳಿದದ್ದು. ಹೊತ್ತು ಇಳಿಯುವಾಗ ಗಿಡ ತಲೆಕೆಳಗಾಗಿ ನೆಟ್ಟ ಹಳೆಯ ಕಸಬರಿಗೆಯಂತೆ ನಿಂತಿತ್ತು. ತುದಿಯಲ್ಲಿ ಒಂದೇ ಒಂದು ಎಲೆ ಉಳಿದಿತ್ತು.

ಗೌರವ್ವ ಬಸ್ಸಿಳಿದು ಬಂದಳು. ದಾರಿಯಲ್ಲಿ ಸಿಕ್ಕ ಯಂಕವ್ವ ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತ ಆಕೆಯ ಜೊತೆಗೇ ಇದ್ದಳು. ಇಷ್ಟು ಮಂದಿ ನಂಬಿದ್ದನ್ನು ತಾನೊಬ್ಬನೇ ನಂಬದಿದ್ದರೆ ಹೇಗೆ ಎಂದು ಪ್ರಭುಲಿಂಗಪ್ಪ ಆ ಕೊನೆಯ ಎಲೆಯನ್ನು ಕಿತ್ತ. ಹೆಂಡತಿಯ ಗಂಟು ಇಸಿದುಕೊಳ್ಳುವ ನೆವದಲ್ಲಿ ಅದನ್ನು ಆಕೆಯ ಅಡಿಕೆಲೆ ಸಂಚಿಯೊಳಗೆ ತುರುಕಿದ.

ಗೌರವ್ವ ಕಸಬರಿಗೆಯನ್ನು ನೋಡಿದಳು. ಗಂಡನನ್ನು ನೋಡಿದಳು.

“ಗೌರಾ, ಗಿಡ...” ಎಂದು ಅವನು ತೊದಲಿದ.

“ಯಾವ ಗಿಡ?”

ಪ್ರಭುಲಿಂಗಪ್ಪನಿಗೆ ಹೋದ ಜೀವ ಬಂದಂತಾಯಿತು. ಶಿವನ ಲೀಲೆ! “ಏನಿಲ್ಲ, ಏನಿಲ್ಲ. ಒಳಗ ನಡಿ, ಭಾಳ ಹಸದೇನಿ.”

“ಅಯ್ಯ, ನೀವ್ಯಾರ್ರಿ ಯಜಮಾನರ?” ಎಂದ ಗೌರವ್ವ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

“ಏ, ನಾ ನಿನ್ನ ಗಂಡ!”

ಒಳಗಿನಿಂದ ತಣ್ಣಗೆ ಉತ್ತರ ಬಂತು: “ನಮ್ಮ ಮನಿಯವರು ಗಿಡಾ ಕಾಯಾಕ ಕುಂತಾರ್ರಿ. ಅದು ಚಿಗತ ಮ್ಯಾಲೆ ಒಳಗ ಬರತಾರ.”